ಬಂತು ಎಂದ ಜಾಗ

ಬೇಕರಿ ಅಕ್ಕ ಯಾರನ್ನಾದರೂ ಸರಿಯಾಗಿ ನೋಡಬೇಕೆಂದರೆ ಅವರಿಂದ ಮುಖ ತಿರುಗಿಸಬೇಕು. ಇದು ಗೊತ್ತಿಲ್ಲದ ಹೊಸ ಗಿರಾಕಿಗಳು ಮೊದಲ ದಿನವೇ ಮುನಿಸಿಕೊಳ್ಳುತ್ತಾರೆ. ತಾವು ಇಷ್ಟು ಮರ್ಯಾದೆಯಿಂದ ಬನ್ನು ಕೇಳುತ್ತಿದ್ದರೆ ಈ ಹೆಂಗಸು ಪಕ್ಕದ ಬಿಸ್ಕತ್ತಿನ ಡಬ್ಬಿ ನೋಡಿಕೊಂಡು ಉತ್ತರ ಕೊಡುತ್ತಾಳಲ್ಲ, ಎಷ್ಟು ಕೊಬ್ಬಿರಬೇಕು ಎಂದು. ನಿಜವೇನೆಂದರೆ ಆ ಹೊತ್ತಿಗೆ ಅವಳು ಅವರನ್ನೇ ನೋಡುತ್ತಿರುತ್ತಾಳೆ. ನಲವತ್ತು ದಾಟುವ ಹೊತ್ತಿಗೆ ಅವಳ ಎರಡೂ ಕಣ್ಣುಗಳ ನಡುಭಾಗ ಕೆಟ್ಟುಹೋಗಿ ಅಂಚು ಮಾತ್ರ ಉಳಿಯಿತು. ನೇರ ನೋಡಿದರೆ ಮುಖ ಇರಬೇಕಾದಲ್ಲಿ ಒಂದು ಬೂದು ಮಚ್ಚೆ, ಅದರ ಸುತ್ತ ಕಿವಿ, ಕೂದಲು, ಭುಜ. ಓರೆಯಾಗಿ ನೋಡಿದರೆ ಮುಖದ ಆಕಾರ ಒಂದಿಷ್ಟು ಸಿಗುತ್ತದೆ. ದೇವರು ಫೋಟೋ ತಗೊಂಡು ಹೋಗಿ ಚೌಕಟ್ಟು ಮಾತ್ರ ಬಿಟ್ಟ ಎಂದು ಅವಳೇ ಹೇಳಿಕೊಂಡು ನಗುತ್ತಾಳೆ.

ಆ ಫೋಟೋ ವಾಪಸ್ ತಂದುಕೊಡುವ ಕೆಲಸ ಅವಳ ತಂಗಿಯದು. ತಂಗಿ ಎರಡು ಬೀದಿ ಆಚೆ ಇರುತ್ತಾಳೆ, ಬೆಳಿಗ್ಗೆ ಬಂದು ಬೇಕರಿಯ ಗಲ್ಲಾ ಹತ್ತಿರ ಕೂತರೆ ಬಾಗಿಲು ಹಾಕುವವರೆಗೂ ಅವಳ ಬಾಯಿಗೆ ಬಿಡುವಿಲ್ಲ. ಅಕ್ಕ ಒಳಗೆ ಹಿಟ್ಟು ನಾದುತ್ತಾಳೆ, ತೂಗಿ ಕತ್ತರಿಸುತ್ತಾಳೆ, ಅಚ್ಚಿಗೆ ಹಾಕುತ್ತಾಳೆ. ಇದಕ್ಕೆಲ್ಲ ಕೈ ಸಾಕು, ಕಣ್ಣು ಬೇಡ. ಬ್ರೆಡ್ಡು ಬೆಂದು ಬಣ್ಣ ತಿರುಗುವ ಹೊತ್ತಿಗೆ ಮಾತ್ರ ತಂಗಿ ಬೇಕು. ಅವಳು ಒಲೆಯ ಬಾಗಿಲು ತೆಗೆದು ಬಣ್ಣ ಹೇಳುತ್ತಾಳೆ. ಅವರಿಬ್ಬರ ಬಣ್ಣಗಳು ಬೇರೆ ಯಾರಿಗೂ ಅರ್ಥವಾಗುವಂಥವಲ್ಲ. ಮೊದಲು ಹಾಲು ಜಾಸ್ತಿಯಾದ ಟೀ. ಆಮೇಲೆ ಸರಿಯಾದ ಟೀ. ಅದಾದ ಮೇಲೆ ಭಾವನ ಹಳೆ ಚಪ್ಪಲಿ. ಚಪ್ಪಲಿ ಬಂತೆಂದರೆ ತಡಮಾಡದೆ ಹೊರಗೆ ಎಳೆಯಬೇಕು. ಭಾವ ಎಂದರೆ ಅಕ್ಕನ ಗಂಡ, ಬೇಕರಿಯ ವ್ಯಾನು ಓಡಿಸುವವನು. ಊರೆಲ್ಲ ತಿನ್ನುವ ಬ್ರೆಡ್ಡಿಗೆ ತನ್ನ ಚಪ್ಪಲಿಯೇ ಅಳತೆ ಎಂಬುದು ಅವನಿಗೆ ಒಳಗೊಳಗೇ ಹೆಮ್ಮೆ.

ಇಬ್ಬರ ನಡುವೆ ಒಂದು ಕರಾರಿತ್ತು. ಕಣ್ಣು ಹೋದ ಹೊಸದರಲ್ಲಿ ಮನೆಯವರೆಲ್ಲ ಅಕ್ಕನಿಗೆ ಸಕ್ಕರೆಯಂಥ ಸುಳ್ಳು ಹೇಳತೊಡಗಿದ್ದರು. ಬಟ್ಟೆ ಮೇಲೆ ಕಲೆ ಇದ್ದರೂ ಇಲ್ಲ, ಬನ್ನು ಸೀದಿದ್ದರೂ ಪರವಾಗಿಲ್ಲ, ಅಕ್ಕ ಅತ್ತಿದ್ದು ಮುಖದಲ್ಲಿ ಎದ್ದು ಕಂಡರೂ ಲಕ್ಷಣವಾಗಿದ್ದೀಯ. ಒಂದು ದಿನ ಅವಳು ತಂಗಿಯನ್ನು ಹಿಟ್ಟಿನ ಕೋಣೆಗೆ ಕರೆದು ಕೂರಿಸಿಕೊಂಡಳು.

"ಕಂಡದ್ದು ಕಂಡ ಹಾಗೆ ಹೇಳು. ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅನ್ನು. ಪಾಪ ಅಂತ ಒಂದೇ ಒಂದು ಸುಳ್ಳು ಹೇಳಿದ್ರೂ ಆಮೇಲೆ ನೀನು ಹೇಳೋ ಯಾವ್ದನ್ನೂ ನನ್ನ ಕೈಲಿ ನಂಬೋಕಾಗಲ್ಲ ಕಣೇ. ನಾನು ಪೂರ್ತಿ ಕುರುಡಿ ಆಗೋದು ಆವತ್ತೇ."

ತಂಗಿ ಒಪ್ಪಿಕೊಂಡಳು. ಒಪ್ಪಿಕೊಂಡದ್ದು ಅಕ್ಕನಿಗೇ ಕೆಲವೊಮ್ಮೆ ಜಾಸ್ತಿಯಾಯಿತು. ಗಿರಾಕಿಗಳು ನಿಂತಿರುವಾಗಲೇ ಕೇಕು ಒಂದು ಕಡೆ ವಾಲಿದೆ ಎಂದು ಕೂಗುವಳು. ಕೆನ್ನೆ ಊದಿದೆ ರಾತ್ರಿ ನಿದ್ದೆ ಮಾಡಿಲ್ವಾ ಎನ್ನುವಳು. ಆದರೆ ಅಕ್ಕ ಅವಳ ಮಾತನ್ನು ನೆಲವನ್ನು ನಂಬಿದ ಹಾಗೆ ನಂಬಿದಳು.

ಬೆಟ್ಟದ ಗೀಳು ಹಿಡಿದದ್ದು ಡಾಕ್ಟರರಿಂದ. ಹಗಲೆಲ್ಲ ಒಲೆ ಮುಂದೆ ನಿಲ್ಲಬೇಡ, ನಡೆ ಎಂದಿದ್ದರು ಅವರು. ಬೀದಿಯಲ್ಲಿ ನಡೆದರೆ ಸೈಕಲ್ಲು, ನಾಯಿ, ಪಾಪ ಎನ್ನುವವರು. ಊರಾಚೆಯ ಗುಡ್ಡದಲ್ಲಿ ಈ ಮೂರೂ ಇರಲಿಲ್ಲ. ಬಿಳಿ ಕೋಲು ಬಂಡೆಗಳ ನಡುವೆ ಕೆಲಸಕ್ಕೆ ಬರಲಿಲ್ಲ. ಸಂದಿಗೆ ಸಿಕ್ಕಿಕೊಂಡು ಅಕ್ಕನನ್ನೇ ಎಳೆಯುತ್ತಿತ್ತು. ಆಗ ತಂಗಿ ಬೇಕರಿಯಿಂದ ಒಂದು ಮುರುಕು ಹಿಡಿ ತಂದಳು. ಒಲೆಯೊಳಗಿಂದ ಬ್ರೆಡ್ಡು ತೆಗೆಯುವ ಮರದ ಹಲಗೆಗೆ ಉದ್ದನೆಯ ಹಿಡಿ ಇರುತ್ತದಲ್ಲ, ಅದು. ಮುಂದಿನ ತುದಿ ತಂಗಿಯ ಕೈಯಲ್ಲಿ, ಹಿಂದಿನ ತುದಿ ಅಕ್ಕನ ಕೈಯಲ್ಲಿ. ತಂಗಿ ಒಂದು ಕಲ್ಲು ಹತ್ತಿದರೆ ಕೋಲಿನ ಮುಂದಿನ ತುದಿ ಏಳುತ್ತದೆ, ಇಳಿದರೆ ತಗ್ಗುತ್ತದೆ, ಹೆದರಿದರೆ ನಡುಗುತ್ತದೆ. ವರ್ಷಗಟ್ಟಲೆ ಬಿಸಿ ತಿಂದು ನಯವಾದ ಆ ಕೋಲು ಹಿಡಿದು ಅಕ್ಕತಂಗಿಯರು ಸುತ್ತಲಿನ ಗುಡ್ಡಗಳನ್ನೆಲ್ಲ ಹತ್ತಿ ಮುಗಿಸಿದರು. ಮೇಲೆ ತಲುಪಿದ ಕೂಡಲೇ ಅಕ್ಕ ಕೇಳುವುದು ಒಂದೇ ಪ್ರಶ್ನೆ, ಬಂತಾ? ತಂಗಿ ಬಂತು ಎಂದ ಮೇಲೆಯೇ ಅವಳು ನೀರಿನ ಬಾಟಲಿ ತೆಗೆಯುವುದು.

ಈ ಸುದ್ದಿ ಸಾಕ್ಷ್ಯಚಿತ್ರ ಮಾಡುವ ಒಬ್ಬ ನಿರ್ದೇಶಕನ ಕಿವಿಗೆ ಬಿತ್ತು. ಬ್ರೆಡ್ಡು ಕೊಳ್ಳುವ ನೆಪದಲ್ಲಿ ಬಂದವನು ಬೇಕರಿಯಲ್ಲೇ ಬೇರು ಬಿಟ್ಟ. ಕೆಟ್ಟವನೇನಲ್ಲ, ಆದರೆ ಅವನ ಕಸುಬಿನವರಿಗೆ ಒಂದು ಚಾಳಿ ಇರುತ್ತದೆ: ಕಣ್ಣು ಕಾಣದವರು ತೆರೆ ಮೇಲೆ ಬಂದರೆ ಹಿಂದೆ ಪಿಟೀಲು ಅಳಲೇಬೇಕು. ಅಕ್ಕ ಮೊದಲೇ ಹೇಳಿಬಿಟ್ಟಳು, ಪಿಟೀಲು ಬಂದರೆ ನಾನು ಬರುವುದಿಲ್ಲ ಎಂದು. ಅವನು ನಕ್ಕು ಒಪ್ಪಿದ. ಅವನು ಆರಿಸಿದ್ದು ಅವರು ಅಲ್ಲಿಯವರೆಗೆ ಹತ್ತಿದ ಯಾವುದಕ್ಕಿಂತಲೂ ದೊಡ್ಡ ಬೆಟ್ಟ. ಮರಗಳೇ ನಿಂತುಹೋಗಿ ಬರೀ ಕಲ್ಲು ಉಳಿಯುವಷ್ಟು ಎತ್ತರ.

ಬೆಳಕು ಹರಿಯುವ ಹೊತ್ತಿಗೆ ಹೊರಟರು. ಅಕ್ಕ, ತಂಗಿ, ನಿರ್ದೇಶಕ, ಅವನ ಕ್ಯಾಮೆರಾದವನು, ದಾರಿ ಬಲ್ಲ ಒಬ್ಬ. ತಂಗಿ ಎಂದಿನಂತೆ ಬಾಯಿ ಬಿಚ್ಚಿಯೇ ನಡೆದಳು. ಎಡಕ್ಕೆ ಮೊಣಕಾಲೆತ್ತರದ ಕಲ್ಲು, ಬಲಕ್ಕೆ ಏನೂ ಇಲ್ಲ ಎಂದಳು. ಏನೂ ಇಲ್ಲ ಎಂದರೆ ಏನು ಎಂದು ಅಕ್ಕ ಕೇಳಿದಳು. ಏನೂ ಇಲ್ಲ ಎಂದರೆ ಪ್ರಪಾತ, ನೀನು ಎಡಕ್ಕೆ ಬಾ ಎಂದಳು ತಂಗಿ. ಕ್ಯಾಮೆರಾದವನಿಗೆ ನಗು ತಡೆಯಲಾಗದೆ ಆ ಚಿತ್ರ ಅಲುಗಾಡಿಹೋಯಿತಂತೆ.

ಮಧ್ಯಾಹ್ನ ಕಳೆಯುತ್ತಿದ್ದಂತೆ ತಂಗಿಯ ಮಾತು ಕಡಿಮೆಯಾಯಿತು. ಏರಿಗೆ ಉಸಿರು ಸಾಲುತ್ತಿಲ್ಲ ಎಂದುಕೊಂಡಳು ಅಕ್ಕ. ಅವಳಿಗೆ ಮಾತ್ರ ಅಂದು ಮೈಯಲ್ಲಿ ಏನೋ ಹುರುಪು. ದಿನವೂ ಹಿಟ್ಟಿನ ಮೂಟೆ ಎತ್ತಿ ಗಟ್ಟಿಯಾದ ಮೈ ಅದು. ಮೋಡ ಬಂದು ಮುಖಕ್ಕೆ ತಣ್ಣಗೆ ತಗುಲಿತು. ಕೋಲು ನಿಂತಿತು.

"ಬಂತಾ?" ಎಂದಳು ಅಕ್ಕ.

"ಬಂತು" ಎಂದಳು ತಂಗಿ.

ಅಕ್ಕನಿಗೆ ಅಳು ಬಂತು. ತಡೆದುಕೊಳ್ಳುವ ಗೋಜಿಗೆ ಹೋಗದೆ ಎರಡೂ ಕೈ ಮೇಲೆತ್ತಿ ಅತ್ತಳು. ಕೈ ಎತ್ತುವ ಮುಂಚೆ, ಕೋಲು ಬಿಡುವಾಗ, ಒಂದು ಸಣ್ಣ ವಿಷಯ ಅವಳ ಅಂಗೈಗೆ ತಿಳಿದಿತ್ತು. ಕೋಲಿನ ಮುಂದಿನ ತುದಿ ಇನ್ನೂ ಮೇಲಕ್ಕೇ ಇತ್ತು. ತುದಿಯಲ್ಲಿ ನಿಂತವಳ ಕೋಲು ಮಟ್ಟಸವಾಗಿರಬೇಕಲ್ಲವೇ? ತಂಗಿ ಯಾವುದೋ ಬಂಡೆ ಮೇಲೆ ನಿಂತಿರಬೇಕು ಎಂದುಕೊಂಡು ಅದನ್ನು ಅಲ್ಲಿಗೇ ಬಿಟ್ಟಳು. ಕ್ಯಾಮೆರಾ ಹತ್ತಿರ ಬಂದು ಹೇಗನ್ನಿಸುತ್ತಿದೆ ಎಂದು ನಿರ್ದೇಶಕ ಕೇಳಿದಾಗ ಅವಳು ಹೇಳಿದ ಮಾತೇ ಆಮೇಲೆ ಚಿತ್ರದ ಜೀವವಾಯಿತು: "ನನಗೇನೂ ಕಾಣಿಸ್ತಿಲ್ಲ. ನನ್ನ ತಂಗಿ ಹೇಳಿದ್ಳು, ಬಂತು ಅಂತ. ನನಗಷ್ಟು ಸಾಕು."

ಬೆಟ್ಟ ಇಳಿದು ಬಂದ ಮೇಲೆ ತಂಗಿಯ ಬಾಯಿಗೆ ಬೀಗ ಬಿತ್ತು. ಬ್ರೆಡ್ಡಿನ ಬಣ್ಣ ಹೇಳುವಳು, ಅಷ್ಟೇ. ಟೀ. ಚಪ್ಪಲಿ. ಬೀದಿಯಲ್ಲಿ ಯಾರು ಹೊಸ ಅಂಗಿ ಹಾಕಿದ್ದಾರೆ, ಎದುರು ಮನೆಯ ಬೆಕ್ಕು ಏನು ಮಾಡುತ್ತಿದೆ, ಭಾವನ ಹೊಟ್ಟೆ ಎಷ್ಟು ಮುಂದೆ ಬಂದಿದೆ, ಇದ್ಯಾವುದೂ ಇಲ್ಲ. ಅಕ್ಕನಿಗೆ ಪ್ರಪಂಚ ಇದ್ದಕ್ಕಿದ್ದಂತೆ ಬಡವಾಯಿತು. ಅವಳಿಗೆ ಹೊಳೆದ ಕಾರಣ ಒಂದೇ. ಇಷ್ಟು ವರ್ಷ ಇನ್ನೊಬ್ಬಳಿಗೆ ಕಣ್ಣಾಗಿ ತಂಗಿ ದಣಿದಿದ್ದಾಳೆ, ದೊಡ್ಡ ಬೆಟ್ಟ ಹತ್ತಿಸಿ ನನ್ನ ಋಣ ತೀರಿತು ಎಂದುಕೊಂಡಿದ್ದಾಳೆ. ಕೇಳಲು ಹೆದರಿಕೆ. ಹೌದು ಎಂದುಬಿಟ್ಟರೆ ಮುಂದೇನು?

ಹೀಗಿರುವಾಗ ನಿರ್ದೇಶಕನ ಫೋನು ಬಂತು. ಚಿತ್ರ ಮುಗಿದಿದೆ, ಊರಿನ ಸಭಾಂಗಣದಲ್ಲಿ ತೋರಿಸುತ್ತೇವೆ ಎಂದ. ಕಣ್ಣು ಕಾಣದವರನ್ನೂ ಕರೆದಿದ್ದೇವೆ, ಅವರಿಗೆ ಹೆಡ್‌ಫೋನು ಕೊಡುತ್ತೇವೆ, ತೆರೆಯ ಮೇಲೆ ಏನು ಕಾಣುತ್ತಿದೆ ಎಂದು ಅದರಲ್ಲಿ ಒಂದು ದನಿ ಹೇಳುತ್ತಾ ಹೋಗಬೇಕು, ಆ ದನಿ ತಂಗಿಯದೇ ಆಗಬೇಕು ಎಂದ. ತಂಗಿ ನೆಗಡಿ ಎಂದಳು, ಗಂಟಲು ಕಟ್ಟಿದೆ ಎಂದಳು, ಬೇರೆ ಯಾರಾದರೂ ಓದಿದವರನ್ನು ಕರೆಯಿರಿ ಎಂದಳು. ನನ್ನ ಬಗ್ಗೆ ಇನ್ನೊಂದು ಗಂಟೆ ಮಾತಾಡುವುದೂ ಇವಳಿಗೆ ಬೇಡವಾಯಿತೇ ಎಂದುಕೊಂಡಳು ಅಕ್ಕ. ಸಿಟ್ಟಿನಲ್ಲೇ ಹಟ ಹಿಡಿದಳು. ತಂಗಿ ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಅಕ್ಕನೂ ಜೊತೆಗೆ ಬಂದು ಕೂರಬೇಕು.

ಧ್ವನಿಮುದ್ರಣದ ಕೋಣೆ ಪುಟ್ಟದು. ಗೋಡೆಗೆಲ್ಲ ಮೆತ್ತನೆಯ ಹಾಸು ಬಡಿದಿದ್ದರಿಂದ ದನಿ ಬಾಯಿಂದ ಹೊರಬಿದ್ದ ಕೂಡಲೇ ಸತ್ತುಹೋಗುತ್ತಿತ್ತು. ತಂಗಿ ಮೈಕಿನ ಮುಂದೆ, ಅಕ್ಕ ಅವಳ ಬೆನ್ನ ಹಿಂದೆ ಒಂದು ಸ್ಟೂಲಿನ ಮೇಲೆ, ಗಾಜಿನ ಆಚೆ ನಿರ್ದೇಶಕ. ಚಿತ್ರ ಓಡತೊಡಗಿತು. ತಂಗಿ ಮೊದಲು ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಬಿಗಿದುಕೊಂಡೇ ಹೇಳಿದಳು. ಒಲೆ, ಹಿಟ್ಟು, ಅಕ್ಕನ ಕೈ. ನಿಧಾನಕ್ಕೆ ಹಳೆಯ ತಂಗಿ ವಾಪಸ್ ಬಂದಳು. ಬೆಟ್ಟದ ಕೆಂಪು ಮಣ್ಣು, ಅಕ್ಕನ ಬೂಟಿನ ಬಿಚ್ಚಿದ ದಾರ, ಕ್ಯಾಮೆರಾದವನ ನೆರಳು ಬಿದ್ದುಬಿಟ್ಟಿರುವುದು, ಒಂದನ್ನೂ ಬಿಡಲಿಲ್ಲ. ಸ್ಟೂಲಿನ ಮೇಲೆ ಕೂತ ಅಕ್ಕ ತಿಂಗಳುಗಳ ನಂತರ ಮತ್ತೆ ನೋಡತೊಡಗಿದಳು.

ಕೊನೆಯ ಭಾಗ ಬಂತು. ತಂಗಿ ನಿಲ್ಲಿಸಿದಳು. ಶಿಖರದ ಮೇಲೆ ಅಕ್ಕ ಕೈ ಎತ್ತಿ ನಿಂತಿದ್ದಾಳೆ ಎಂದಿಷ್ಟು ಹೇಳಿದರೆ ಸಾಕು ಎಂದು ನಿರ್ದೇಶಕ ಗಾಜಿನಾಚೆಯಿಂದ ನೆನಪಿಸಿದ. ತಂಗಿ ಮೈಕಿನ ಹತ್ತಿರಕ್ಕೆ ಬಾಗಿದಳು.

"ಅಕ್ಕ ಕೈ ಎತ್ತಿ ನಿಂತಿದಾಳೆ. ಅಳ್ತಿದಾಳೆ. ಹಿಂದೆ ಮೋಡ ಸರೀತಿದೆ. ಮೋಡದ ಹಿಂದೆ ಇನ್ನೂ ಎತ್ತರ ಇದೆ. ಶಿಖರ ಅಂದ್ರೆ ಅದು. ಅಕ್ಕ ನಿಂತಿರೋದು ಅದರ ಕೆಳಗೆ."

ಚಿತ್ರದೊಳಗಿನ ಅಕ್ಕ ತನ್ನ ಪಾಡಿಗೆ ತಾನು, ತಂಗಿ ಹೇಳಿದ್ಳು ಬಂತು ಅಂತ, ನನಗಷ್ಟು ಸಾಕು ಎನ್ನುತ್ತಿದ್ದಳು. ಸ್ಟೂಲಿನ ಮೇಲಿದ್ದ ಅಕ್ಕ ಎದ್ದು ಗೋಡೆ ತಡವುತ್ತಾ ಬಾಗಿಲು ಹುಡುಕಿದಳು. ತಂಗಿ ಕೈ ಹಿಡಿಯಲು ಬಂದದ್ದು ತಿಳಿಯಿತು. ಕೊಡಲಿಲ್ಲ. ಹೊರಗೆ ವ್ಯಾನಿನಲ್ಲಿದ್ದ ಗಂಡನಿಗೆ ಮನೆಗೆ ನಡಿ ಎಂದಳು. ಅವನು ಏನಾಯಿತು ಎಂದು ಕೇಳುತ್ತಲೇ ಗಾಡಿ ಓಡಿಸಿದ.

ಶಿಖರ ಹೋದದ್ದಕ್ಕೆ ಅವಳಿಗೆ ಅಷ್ಟು ನೋವಾಗಲಿಲ್ಲ. ಕಲ್ಲಿನ ರಾಶಿ, ಅಲ್ಲೇ ಇರುತ್ತದೆ. ನೆಲ ಹೋಗಿತ್ತು. ಹಾಗಾದರೆ ಇನ್ನೇನೇನು ಸುಳ್ಳು? ಹೊಸ ಬಣ್ಣ ಬಳಿದ ಗೋಡೆ ಚೆನ್ನಾಗಿದೆ ಎಂದಿದ್ದಳಲ್ಲ, ಅದು? ಕೂದಲು ಅಷ್ಟೇನೂ ನರೆತಿಲ್ಲ ಎಂದದ್ದು? ನಿನ್ನೆ ಮೊನ್ನೆಯ ಬ್ರೆಡ್ಡು? ಒಂದೊಂದನ್ನೇ ಹೊರಗೆಳೆದು ಅನುಮಾನಿಸಿ ಮತ್ತೆ ಒಳಗಿಟ್ಟಳು. ಬೇಕರಿಯಲ್ಲಿ ತಂಗಿಯನ್ನು ಬಣ್ಣ ಕೇಳುವುದನ್ನು ಬಿಟ್ಟಳು. ಬ್ರೆಡ್ಡಿನ ತಳ ಬಡಿದು ಸದ್ದು ಕೇಳಿ ಹದ ತಿಳಿಯುತ್ತೇನೆಂದು ಹಟಕ್ಕೆ ಬಿದ್ದು, ಬಡಿಯುತ್ತಾ ನಿಂತಿದ್ದಾಗಲೇ ಒಳಗಿದ್ದ ಉಳಿದ ಬ್ರೆಡ್ಡುಗಳನ್ನು ಇದ್ದಿಲು ಮಾಡಿದಳು. ಗಂಡನನ್ನು ಒಲೆಯ ಮುಂದೆ ನಿಲ್ಲಿಸಿ ಬಣ್ಣ ಕೇಳಿದಳು. ಕಂದು ಎಂದ. ಎಂಥ ಕಂದು ಎಂದಳು. ಕಂದು ಎಂದರೆ ಕಂದು ಕಣೆ, ಅದರಲ್ಲಿ ಎಂಥದ್ದು ಬೇರೆ ಎಂದ. ನಿನ್ನ ಚಪ್ಪಲಿ ಥರ ಇದೆಯೋ ಇಲ್ಲವೋ ಎಂದರೆ, ಬಗ್ಗಿ ತನ್ನ ಕಾಲು ನೋಡಿಕೊಂಡು, ಇವತ್ತು ಬೂಟು ಹಾಕಿದ್ದೀನಿ ಎಂದ. ಸಿಟ್ಟಿನ ನಡುವೆಯೂ ಅವಳಿಗೆ ನಗು ಬಂತು. ನಕ್ಕ ಕೂಡಲೇ ಇದನ್ನು ತಂಗಿಗೆ ಹೇಳಬೇಕು ಎನ್ನಿಸಿತು.

ಅಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವಳೇ ತಂಗಿಯನ್ನು ಹಿಟ್ಟಿನ ಕೋಣೆಗೆ ಕರೆದಳು. ಇಬ್ಬರೂ ಎದುರುಬದುರು ಮೂಟೆಗಳ ಮೇಲೆ ಕೂತರು. ಅಕ್ಕನಿಗೆ ಒಂದೇ ಪ್ರಶ್ನೆ ಇತ್ತು. ಅದರ ಉತ್ತರ ಹೌದು ಎಂದಾದರೆ ಬೇಕರಿಯನ್ನೂ ತಂಗಿಯನ್ನೂ ಮೊದಲಿನಂತೆ ಇಟ್ಟುಕೊಳ್ಳುವುದು ತನ್ನಿಂದಾಗದು ಎಂದು ಅವಳಿಗೆ ಖಚಿತವಾಗಿತ್ತು.

"ಪಾಪ ಅಂತ ಹೇಳಿದ್ಯಾ?"

"ಇಲ್ಲ."

"ಮತ್ತೆ?"

ತಂಗಿ ಹಿಟ್ಟಿನ ಮೂಟೆಯ ದಾರವನ್ನು ಎಳೆಯುತ್ತಿದ್ದ ಸದ್ದು ಕೇಳುತ್ತಿತ್ತು.

"ನನ್ನ ಕೈಲಾಗಲಿಲ್ಲ ಅಕ್ಕ. ನನ್ನ ಕಾಲು ಸತ್ತುಹೋಗಿತ್ತು, ತಲೆ ತಿರುಗ್ತಿತ್ತು. ನೀನು ಇನ್ನೂ ಹತ್ತೋ ಹಾಗಿದ್ದೆ. ಎಲ್ಲಾರೂ ನಿನ್ನನ್ನೇ ನೋಡ್ತಿದ್ರು, ಕಣ್ಣು ಕಾಣದವಳು ಹತ್ತುತಾಳಾ ಅಂತ. ಕಣ್ಣಿರೋ ನಾನೇ ಕೂತ್ಬಿಟ್ಟೆ ಅಂತ ಹೇಳೋಕೆ ನಾಚಿಕೆ ಆಯ್ತು. ನೀನು ಬಂತಾ ಅಂದೆ. ಬಾಯಿಂದ ಬಂದ್ಬಿಡ್ತು. ಆಮೇಲೆ ನೀನು ಅತ್ತೆ. ಆಮೇಲೆ ಆ ಮಾತು ಬೇರೆ ಹೇಳಿದೆ. ಹೇಗೆ ವಾಪಸ್ ತಗೊಳ್ಳಲಿ?"

ಅಕ್ಕ ಮುಖ ಪಕ್ಕಕ್ಕೆ ತಿರುಗಿಸಿದಳು. ಅಂದರೆ ತಂಗಿಯನ್ನು ನೋಡಿದಳು. ಬಗ್ಗಿದ ತಲೆಯ ಆಕಾರ, ಕುಸಿದ ಭುಜ. ಎದೆಯ ಮೇಲೆ ಇಷ್ಟು ದಿನ ಕೂತಿದ್ದ ಭಾರ ಇಳಿಯಿತು. ಪಾಪ ಎಂದು ಸುಳ್ಳು ಹೇಳಿದ್ದರೆ ತಾನು ಅವಳಿಗಿಂತ ಕೆಳಗಾಗುತ್ತಿದ್ದಳು. ಇದು ಬರೀ ಸೋತವಳ ಸುಳ್ಳು. ಸೋಲು ಯಾರಿಗಿಲ್ಲ? ಆದರೂ ಸಿಟ್ಟು ಪೂರ್ತಿ ಹೋಗಿರಲಿಲ್ಲ, ಅದನ್ನು ಬಚ್ಚಿಡಲೂ ಇಲ್ಲ.

"ಕೋಲು ಮೇಲಕ್ಕೇ ಇತ್ತು ಕಣೇ. ನನಗೆ ಗೊತ್ತಾಯ್ತು. ಕೋಲನ್ನ ಬಿಟ್ಟು ನಿನ್ನ ನಂಬಿದೆ" ಎಂದಳು. ಮತ್ತೆ ಹೇಳಿದಳು. "ಆಗಲ್ಲ ಅಂದಿದ್ರೆ ಆಗ್ತಿತ್ತಲ್ಲೇ. ಆ ಕೋಲಿಗೆ ಎರಡು ತುದಿ ಇಲ್ವಾ? ಹಿಂದೆ ನೀನು ಹಿಡ್ಕೋ, ಮುಂದೆ ನಾನು ಎಳೀತಿದ್ದೆ. ದಾರಿ ಹಿಂದಿನಿಂದ ಹೇಳಿದ್ರೆ ಸಾಕಾಗಿತ್ತು."

ತಂಗಿ ಅತ್ತಳು. ಅಕ್ಕ ಅವಳನ್ನು ಅಳಲು ಬಿಟ್ಟು, ಕೊನೆಗೆ ಹಿಟ್ಟು ಒದ್ದೆಯಾಗುತ್ತೆ ಏಳು ಎಂದಳು.

ನಿರ್ದೇಶಕ ಅಷ್ಟರಲ್ಲಿ ಇಕ್ಕಟ್ಟಿಗೆ ಸಿಕ್ಕಿದ್ದ. ಅದು ಶಿಖರವಲ್ಲ ಎಂದು ಅವನಿಗೂ ಗೊತ್ತಿತ್ತು. ಅಷ್ಟು ದೂರ ಬಂದದ್ದೇ ದೊಡ್ಡದು, ಖುಷಿಗೆ ಅಳುತ್ತಿದ್ದ ನಿಮ್ಮ ಮುಖದ ಮುಂದೆ ನಿಂತು ತಿದ್ದಲು ಮನಸ್ಸಾಗಲಿಲ್ಲ ಎಂದು ಬೇಕರಿಗೆ ಬಂದು ಒಪ್ಪಿಕೊಂಡ. ಚಿತ್ರದ ನಿರೂಪಣೆಯಲ್ಲಿ ಶಿಖರ ಎಂದೇ ಇದೆ, ಅದು ಆಗಲೇ ಸಿದ್ಧವಾಗಿ ಹೋಗಿದೆ, ಪ್ರದರ್ಶನದ ಒಳಗೆ ತಿದ್ದಲಾಗದು. ಹೆಡ್‌ಫೋನಿನ ದನಿ ಮಾತ್ರ ತನ್ನ ಕೈಲಿದೆ, ಅದರಿಂದ ತಂಗಿಯ ಆ ಮಾತು ತೆಗೆದುಬಿಟ್ಟರೆ ಎರಡೂ ಒಂದೇ ಆಗುತ್ತದಲ್ಲ ಎಂದ.

"ಬೇಡ, ಇರ್ಲಿ" ಎಂದಳು ಅಕ್ಕ. "ನಿಮ್ಮ ಕೈಲಿ ತಿದ್ದೋಕೆ ಆಗೋವರೆಗೆ ಕಣ್ಣಿರೋರು ಸುಳ್ಳು ನೋಡ್ಲಿ. ನಮ್ಮೋರಾದ್ರೂ ನಿಜ ಕೇಳ್ಲಿ."

ಪ್ರದರ್ಶನದ ಸಂಜೆ ಸಭಾಂಗಣ ತುಂಬಿತ್ತು. ಮುಂದಿನ ಸಾಲುಗಳಲ್ಲಿ ಹೆಡ್‌ಫೋನು ಹಾಕಿಕೊಂಡವರು, ಅವರ ನಡುವೆ ಅಕ್ಕ. ಪಕ್ಕದಲ್ಲಿ ತಂಗಿ, ಅವಳ ಆಚೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಭಾವ. ಕಿವಿಯಲ್ಲಿ ತಂಗಿಯ ದನಿ ಹರಿಯುತ್ತಿದ್ದರೆ ನಿಜವಾದ ತಂಗಿ ಉಸಿರು ಬಿಗಿಹಿಡಿದು ಕೂತಿದ್ದಳು. ಅಕ್ಕ ಕೈ ಎತ್ತಿದ ಗಳಿಗೆ ಬಂತು. ಹಿಂದಿನ ಸಾಲುಗಳಲ್ಲಿ ಚಪ್ಪಾಳೆ ಸಿಡಿಯಿತು, ಯಾರೋ ಎದ್ದು ನಿಂತರು. ತೆರೆಯ ಮೂಲೆಯಲ್ಲಿ ಮೋಡದ ಹಿಂದಿನಿಂದ ಇಣುಕಿದ ಎತ್ತರವನ್ನು ಅವರೂ ಕಂಡಿರಬೇಕು, ಬೇರೆ ಯಾವುದೋ ಬೆಟ್ಟ ಎಂದುಕೊಂಡಿರಬೇಕು. ಮುಂದಿನ ಸಾಲುಗಳು ಮಾತ್ರ ಚಪ್ಪಾಳೆ ಹೊಡೆಯದೆ ಕೂತಿದ್ದವು. ಪಾಪ, ಭಾವುಕರಾಗಿದ್ದಾರೆ ಎಂದು ಹಿಂದೆ ಒಬ್ಬ ಹೆಂಗಸು ಪಿಸುಗುಟ್ಟಿದಳು.

ಮುಗಿದ ಮೇಲೆ ಮುಂದಿನ ಸಾಲಿನಿಂದ ಒಬ್ಬ ವಯಸ್ಸಾದವರು ಅಕ್ಕನ ದನಿಯ ಜಾಡು ಹಿಡಿದುಕೊಂಡು ಬಂದರು. ಹಿಂದೆ ಟೆಲಿಫೋನ್ ಆಪರೇಟರ್ ಆಗಿದ್ದವರಂತೆ, ಹುಟ್ಟಿನಿಂದ ಕಣ್ಣಿಲ್ಲ. ಅಭಿನಂದನೆ ಗಿಭಿನಂದನೆ ಏನೂ ಹೇಳಲಿಲ್ಲ.

"ಇನ್ನೆಷ್ಟು ಉಳಿದಿತ್ತಮ್ಮ?" ಎಂದು ಕೇಳಿದರು.

ಅಕ್ಕ ತಂಗಿಯನ್ನು ನೋಡಲು ಮುಖವನ್ನು ಆಚೆಗೆ ತಿರುಗಿಸಿದಳು.

"ಅವಳನ್ನ ಕೇಳಿ ಸಾರ್. ಬಂತೋ ಇಲ್ವೋ ಅಂತ ಹೇಳೋದು ಅವಳೇ."

ತಂಗಿ, ಅರ್ಧ ಗಂಟೆಯ ದಾರಿ, ಆದರೆ ಕಡಿದಾದ ಏರು, ನನ್ನ ಕೈಲಿ ಆಗಲಿಲ್ಲ ಎಂದಳು. ವಯಸ್ಸಾದವರು ಹೂಂ ಎಂದು ತಲೆಯಾಡಿಸಿ, ಮತ್ತೆ ಹತ್ತಲು ಹೋಗುವಾಗ ನನಗೂ ಹೇಳಿ, ನಾನು ಬೆಟ್ಟದ ಕೆಳಗೆ ಕೂತು ಕಾಯುತ್ತೇನೆ ಎಂದು ಹೊರಟುಹೋದರು.

ಭಾವ ವ್ಯಾನು ತರಲು ಮುಂದೆ ಓಡಿದ. ಅಕ್ಕತಂಗಿಯರು ಜನರೆಲ್ಲ ಕರಗುವವರೆಗೆ ಕಾದು ಸಭಾಂಗಣದ ಮೆಟ್ಟಿಲು ಇಳಿದರು. ತಂಗಿಯ ಮೊಣಕೈ ಮೇಲೆ ಅಕ್ಕನ ಕೈ. ತಂಗಿಯ ಬಾಯಿ ಮತ್ತೆ ಮೊದಲಿನಂತೆ ಓಡುತ್ತಿತ್ತು: ದೀಪ ಹಳದಿ ಇದೆ, ಹಾಲು ಜಾಸ್ತಿಯಾದ ಟೀ ಥರ, ಭಾವ ವ್ಯಾನಿನ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಾನೆ, ಯಾರಿಗಾಗಿಯೋ ಗೊತ್ತಿಲ್ಲ. ಅಕ್ಕನ ಕಾಲಿಗೆ ಮಟ್ಟಸವಾದ ಕಲ್ಲು ಸಿಕ್ಕಿತು. ನೆಲವೇ ಇರಬೇಕು ಎನ್ನಿಸಿ ನಿಂತಳು.

"ಬಂತಾ?"

"ಇಲ್ಲ ಅಕ್ಕ" ಎಂದಳು ತಂಗಿ. "ಇನ್ನೊಂದಿದೆ."

ಅಕ್ಕ ಕಾಲು ಮುಂದಿಟ್ಟಳು.